ತೋಟದಲ್ಲಿ ಅಣ್ಣ ಆಡಿದ ಮಾತು

ಶಿವಾರಪಟ್ಟಣದ ಒಂದು ತಗಡಿನ ಶೆಡ್ಡಿನ ಕೆಳಗೆ ಮುನೇಶ್ ಮತ್ತು ಅವನ ತಮ್ಮ ನಂದೀಶ್ ಎದುರುಬದುರು ಕೂತು ಕಲ್ಲು ಕೆತ್ತುತ್ತಿದ್ದರು. ಇಬ್ಬರ ನಡುವೆ ಮಾತೇ ಇರಲಿಲ್ಲ ಎನ್ನುವಂತಿಲ್ಲ. ‘ಹಿಡ್ಕೋ’, ‘ತಿರುಗ್ಸು’, ‘ನೀರು ಹುಯ್ಯಿ’. ಅಷ್ಟೇ. ಬೀದಿಯುದ್ದಕ್ಕೂ ಬೆಳಗಿನಿಂದ ಉಳಿಯ ಸದ್ದು ಕೇಳುವ ಊರಿನಲ್ಲಿ ಅಣ್ಣತಮ್ಮಂದಿರ ಮೌನ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಅದು ಶುರುವಾಗಿದ್ದು ಅವರಪ್ಪ ಚನ್ನರಾಯಪ್ಪನಿಂದ. ಅವರ ಮನೆಯಲ್ಲಿ ವಿಗ್ರಹದ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬಿಡಿಸುವುದು ಹಿರಿಯನ ಪಾಲಿನ ಕೆಲಸ. ತನ್ನ ಕೈ ನಡುಗತೊಡಗಿದಾಗ ಅಪ್ಪ ಆ ಕೆಲಸವನ್ನು ಹಿರಿಮಗನಿಗೆ ಬಿಡದೆ ನಂದೀಶನಿಗೆ ಕೊಟ್ಟ. ಯಾಕೆಂದು ಹೇಳಲಿಲ್ಲ. ಮುಂದಿನ ಚಳಿಗಾಲಕ್ಕೆ ತೀರಿಕೊಂಡ. ಮುನೇಶ್ ಜಗಳವಾಡಲಿಲ್ಲ, ಕೂಗಾಡಲಿಲ್ಲ. ಬಾಗಿಲು ಮುಂದಕ್ಕೆಳೆದುಕೊಂಡ ಹಾಗೆ ಮೆಲ್ಲಗೆ ಮಾತು ನಿಲ್ಲಿಸಿದ.

ಈ ವರ್ಷ ಮಾವಿನ ಕಾಲದಲ್ಲಿ ಅವರು ಗೌನಿಪಲ್ಲಿ ಕಡೆಯ ಒಂದು ತೋಟಕ್ಕೆ ಬುದ್ಧನನ್ನು ಮಾಡಿಕೊಟ್ಟರು. ತೋಟದ ಮಾಲೀಕರ ಮಗ ಮುರಳಿಮೋಹನ್‌ಗೆ ಈಜುಕೊಳದ ಪಕ್ಕ ಕೂರಿಸಲು ಬೇಕಿತ್ತು. ಒಂದು ಶನಿವಾರ ಬೆಳಿಗ್ಗೆ ಆಂಜಿನಪ್ಪನ ಟೆಂಪೋದಲ್ಲಿ, ಸುತ್ತ ಹುಲ್ಲು ತುಂಬಿ, ವಿಗ್ರಹವನ್ನು ಸಾಗಿಸಿದರು. ಕಟ್ಟೆಯ ಮೇಲೆ ಕೂರಿಸಿ ಸಿಮೆಂಟು ಹಾಕುವಷ್ಟರಲ್ಲಿ ನಡುಮಧ್ಯಾಹ್ನ.

“ಊಟ ಮಾಡ್ಕೊಂಡೇ ಹೋಗ್ಬೇಕಣ್ಣ,” ಎಂದ ಮುರಳಿಮೋಹನ್. “ಫ್ರೆಂಡ್ಸೆಲ್ಲ ಬರ್ತಾವ್ರೆ. ಬಿರಿಯಾನಿ ಐತೆ, ಮ್ಯೂಸಿಕ್ ಐತೆ.”

ಆಂಜಿನಪ್ಪ ಉಂಡವನೇ ಟೆಂಪೋ ನೆರಳಲ್ಲಿ ಟವೆಲ್ ಹಾಸಿ ಮಲಗಿದ. ಕಾರುಗಳು ಬಂದವು. ಬಂದವರೆಲ್ಲ ಬುದ್ಧನ ಮುಂದೆ ನಿಂತು ಫೋಟೋ ತೆಗೆದರು. ಜುಟ್ಟು ಕಟ್ಟಿದ್ದ ಒಬ್ಬ ಯುವಕ ಬಹಳ ಹೊತ್ತು ನೋಡಿ, “ಈ ಕಣ್ಣು ಮಾಡಿದ್ದು ಯಾರು?” ಎಂದು ಕೇಳಿದ.

“ನನ್ ತಮ್ಮ,” ಎಂದ ಮುನೇಶ್.

ಆ ಬುದ್ಧನ ಎದೆ, ಭುಜ, ಮಡಿಚಿದ ಕಾಲು, ಬೆರಳು ಎಲ್ಲವೂ ಮುನೇಶನ ಕೆಲಸ. ಅದನ್ನು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಜುಟ್ಟಿನವನು ಅಂಗೈಯಲ್ಲಿ ಗುಲಾಬಿ ಬಣ್ಣದ ಮಾತ್ರೆಗಳನ್ನು ಹಿಡಿದು ಎಲ್ಲರ ಹತ್ತಿರ ಬಂದಾಗ, ಬೀಡಿಯನ್ನೂ ಸೇದದ ಮುನೇಶ್ ಏನೆಂದು ಕೇಳದೆ ಒಂದನ್ನು ತಗೊಂಡು ನುಂಗಿದ. ಅಣ್ಣ ನುಂಗಿದ್ದು ಕಂಡು ನಂದೀಶನೂ ಕೈ ಚಾಚಿದ. ಅವನಿಗೆ ಅರ್ಧ ಮುರಿದುಕೊಟ್ಟರು.

“ಏನಾಗಲ್ಲ ಬ್ರೋ. ಖುಷಿ ಬರ್ತದೆ, ಅಷ್ಟೆ. ನೀರು ಮಾತ್ರ ಕುಡೀತಾ ಇರ್ಬೇಕು. ಚೆನ್ನಾಗ್ ಕುಡೀರಿ.”

ಮೊದಲು ಏನೂ ಆಗಲಿಲ್ಲ. ಆಮೇಲೆ, ಯಾವಾಗ ಎಂದು ನಂದೀಶನಿಗೆ ತಿಳಿಯಲಿಲ್ಲ, ಮಾವಿನೆಲೆಗಳು ಒಂದೊಂದಾಗಿ ಉಸಿರಾಡತೊಡಗಿದವು. ಬಿಸಿಲು ಎಲೆಗಳ ನಡುವಿನಿಂದ ಜೇನಿನ ಹಾಗೆ ಇಳಿಯುತ್ತಿತ್ತು. ಹಾಡಿನ ಏಟು ನೆಲದಿಂದ ಅಂಗಾಲಿಗೆ ಹತ್ತಿ ಎದೆಯಲ್ಲಿ ಬೆಚ್ಚಗೆ ಮಲಗಿತು. ಅಂಗೈಯನ್ನು ಮರದ ತೊಗಟೆಯ ಮೇಲೆ ಇಟ್ಟರೆ ಮರವೂ ಇವನ ಅಂಗೈ ಮುಟ್ಟುತ್ತಿದೆ ಅನ್ನಿಸಿತು. ಅಲ್ಲಿದ್ದವರೆಲ್ಲ ಎಂದಿನಿಂದಲೋ ಪರಿಚಯದವರು. ಅಡುಗೆಯವನ ಬೆನ್ನು ಕಂಡೂ ಅಕ್ಕರೆ ಉಕ್ಕಿತು. ಹಲ್ಲು ತನ್ನಷ್ಟಕ್ಕೆ ಕಚ್ಚಿಕೊಳ್ಳುತ್ತಿತ್ತು, ಎದೆ ಓಡುವ ಕುದುರೆಯಾಗಿತ್ತು. ಅದೂ ಸೊಗಸಾಗಿಯೇ ಇತ್ತು.

ಮುನೇಶ್ ಕುಣಿಯುತ್ತಿದ್ದ. ಮದುವೆ ದಿಬ್ಬಣದಲ್ಲೂ ಕೈ ಕಟ್ಟಿ ನಿಲ್ಲುವ ಅಣ್ಣ, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ನೀರಿನಲ್ಲಿ ತೇಲುವವನ ಹಾಗೆ ಕುಣಿಯುತ್ತಿದ್ದ. ಅಂಗಿ ಮೈಗಂಟಿತ್ತು. ಹಾಗೇ ಕುಣಿಯುತ್ತ ಬಂದು ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ.

“ಲೇ ನಂದಿ! ಎಷ್ಟು ವರ್ಷ ಆಯ್ತೋ ನಿನ್ ಮುಖ ನೋಡಿ.”

“ದಿನಾ ನೋಡ್ತೀಯಲ್ಲಣ್ಣ.”

“ಇಲ್ಲ ಕಣೋ, ನೋಡಿಲ್ಲ. ಅಪ್ಪ ನಿಂಗೆ ಉಳಿ ಕೊಟ್ಟ ದಿನ ನಾನು ಹಿತ್ತಲಿಗೋಗಿ ಅತ್ತೆ. ಹೊಟ್ಟೆಕಿಚ್ಚಿಗಲ್ಲ ಕಣೋ. ನೀನು ಮೊದಲ್ನೇ ಕಣ್ಣು ಬಿಡಿಸ್ದಾಗ ನಾನು ಕದ್ದು ನೋಡ್ದೆ. ಅಪ್ಪ ಮಾಡಿದ್ದು ಸರಿ ಅನ್ಸ್ತು. ಸರಿ ಅನ್ಸಿದ್ದಕ್ಕೇ ಅತ್ತೆ. ಅದನ್ನ ನಿಂಗೆ ಹೇಳೋಕೆ ಆಗ್ಲಿಲ್ಲ, ಬಾಯಿ ಬರ್ಲಿಲ್ಲ ಕಣೋ.”

ಇಬ್ಬರೂ ತಬ್ಬಿಕೊಂಡು ಅತ್ತರು. ಅಣ್ಣನ ಮೈ ಕಾದ ಹಂಚಿನಂತೆ ಸುಡುತ್ತಿರುವುದು ನಂದೀಶನಿಗೆ ಗೊತ್ತಾಯಿತು. ಪ್ರೀತಿ ಅಂದರೆ ಇಷ್ಟು ಬಿಸಿಯಾಗಿರುತ್ತದೆ ಎಂದುಕೊಂಡ. ನೀರು ಕುಡಿಯಬೇಕು ಅಂದಿದ್ದು ನೆನಪಾಗಿ ಬಾಟಲಿ ತಂದ. ಮುನೇಶ್ ಗಟಗಟ ಕುಡಿದು ಮತ್ತೆ ಕುಣಿಯಲು ಹೋದ. ಮತ್ತೊಂದು ತಂದ. ಮತ್ತೂ ಒಂದು. ಅಣ್ಣನಿಗೆ ಏನಾದರೂ ಕೊಡುವುದೇ ಆ ಹೊತ್ತಿನ ದೊಡ್ಡ ಸುಖವಾಗಿತ್ತು. ಕೊಡಲು ಕೈಗೆ ಸಿಕ್ಕಿದ್ದು ನೀರು. “ಕುಡಿಯಣ್ಣ, ಇನ್ನೊಂದ್ ಸ್ವಲ್ಪ,” ಎಂದು ಮಗುವಿಗೆ ಹೇಳುವಂತೆ ಹೇಳಿ ಕುಡಿಸಿದ. ಐಸಿನ ಡಬ್ಬಿಯಲ್ಲಿದ್ದ ಬಾಟಲಿಗಳು ಹೀಗೆ ಒಂದಾದ ಮೇಲೊಂದು ಖಾಲಿಯಾದವು.

ಬಿಸಿಲು ವಾಲುವ ಹೊತ್ತಿಗೆ ಮುನೇಶ್ ಕುಣಿಯುವುದನ್ನು ಬಿಟ್ಟು ಬುದ್ಧನ ಕಟ್ಟೆಗೊರಗಿ ಕೂತ. ತಲೆ ಸಿಡಿಯುತ್ತಿದೆ ಎಂದ. ಬರೀ ನೀರು ವಾಂತಿ ಮಾಡಿಕೊಂಡ. ತಮ್ಮನನ್ನು ನೋಡಿ, “ಅಪ್ಪಾ, ಶೆಡ್ ಬಾಗಿಲು ಹಾಕಿದ್ಯಾ?” ಎಂದ. ನಂದೀಶ್ ನಕ್ಕ. ಅವನಿಗಿನ್ನೂ ಎಲ್ಲವೂ ಚಂದವಾಗಿಯೇ ಕಾಣುತ್ತಿತ್ತು. ಅಷ್ಟರಲ್ಲಿ ಅಣ್ಣನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಮೈಯೆಲ್ಲ ಅದುರತೊಡಗಿತು.

ಹಾಡು ಯಾರೋ ನಿಲ್ಲಿಸಿದರು. ಜುಟ್ಟಿನವನು ತನ್ನ ಕಾರಿನ ಕಡೆ ನಡೆದ. ಮುರಳಿಮೋಹನ್ ನಂದೀಶನ ತೋಳು ಹಿಡಿದು, “ಬಿಸಿಲು ಹೊಡ್ದೈತೆ ಅನ್ನು. ಮಾತ್ರೆ ವಿಷ್ಯ ಎತ್ಬೇಡ, ಎಲ್ರೂ ಒಳಗೋಗ್ತೀವಿ,” ಎಂದ. ಸದ್ದಿಗೆ ಎದ್ದು ಬಂದ ಆಂಜಿನಪ್ಪ, “ಏಮಯ್ಯಿಂದಿರಾ ವೀಡಿಕಿ!” ಎಂದು ತೆಲುಗಿನಲ್ಲಿ ಚೀರಿದ. ಏನಾಯಿತು ಇವನಿಗೆ ಎಂದು ಕೇಳಿದವನು ಉತ್ತರಕ್ಕೆ ಕಾಯದೆ ಮುನೇಶನ ಕಂಕುಳಿಗೆ ಕೈಹಾಕಿ ಎತ್ತಿ, ಬುದ್ಧ ಬಂದಿದ್ದ ಹುಲ್ಲಿನ ಮೇಲೆಯೇ ಮಲಗಿಸಿದ.

ಶ್ರೀನಿವಾಸಪುರದವರೆಗೆ ನಂದೀಶ್ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡೂ ಕಡೆ ತೋಪುಗಳು ಸಾಲಾಗಿ ಹಿಂದಕ್ಕೆ ಸರಿಯುತ್ತಿದ್ದವು. ಸಂಜೆಯ ಬಣ್ಣಕ್ಕೆ ಮನಸ್ಸು ತಾನಾಗಿ ಅರಳುತ್ತಿತ್ತು. ತೊಡೆಯ ಮೇಲೆ ಅಣ್ಣ ಗೊರಗುಟ್ಟುತ್ತಿದ್ದ. ಒಳಗಿನ ಸುಖ ಅಳಿಯಲೊಲ್ಲದು. ಅದನ್ನು ಕಿತ್ತೆಸೆಯಬೇಕೆಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಆಮೇಲೆ ಎಷ್ಟೋ ದಿನ ಅವನನ್ನು ಹಿಂಸೆ ಮಾಡಿದ್ದು ಇದೇ. ಅಣ್ಣ ಸಾಯುವ ಸ್ಥಿತಿಯಲ್ಲಿದ್ದಾಗ ತನಗೆ ಆಕಾಶ ಚಂದ ಕಂಡಿತಲ್ಲ.

ಶ್ರೀನಿವಾಸಪುರದಲ್ಲಿ ಅವನು ಬಿಸಿಲಿನ ಹೊಡೆತ ಎಂದೇ ಹೇಳಿದ. ಸೆಟೆತ ನಿಲ್ಲಲು ಸೂಜಿಮದ್ದು ಕೊಟ್ಟು ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕಳಿಸಿದರು. ಕೋಲಾರದ ಆಸ್ಪತ್ರೆಯಲ್ಲಿ ನಡುವಯಸ್ಸಿನ ಡಾಕ್ಟರಮ್ಮ ಮುನೇಶನ ರೆಪ್ಪೆ ಬಿಡಿಸಿ ಟಾರ್ಚು ಹಾಕಿ ನೋಡಿದರು. ಆಮೇಲೆ ಅದೇ ಟಾರ್ಚನ್ನು ನಂದೀಶನ ಕಣ್ಣಿಗೆ ಹಿಡಿದರು.

“ನೀನೂ ತಗೊಂಡಿದ್ದೀಯ. ಏನದು? ನಾನು ಪೊಲೀಸ್ ಅಲ್ಲಪ್ಪ. ಬೇಗ ಹೇಳು.”

ನಂದೀಶ್ ಎಲ್ಲ ಹೇಳಿದ. ಮಾತ್ರೆ, ಕುಣಿತ, ಬಿಸಿಲು. ಕೊನೆಗೆ, “ನೀರು ಮಾತ್ರ ಚೆನ್ನಾಗ್ ಕುಡಿಸಿದ್ದೆ ಮೇಡಂ,” ಎಂದ.

ಡಾಕ್ಟರಮ್ಮ ಟಾರ್ಚು ಆರಿಸಿದರು. “ಆ ಮಾತ್ರೆ ಮೈ ಸುಡೋ ಹಾಗೆ ಮಾಡುತ್ತೆ. ಕುಡಿದ ನೀರನ್ನ ಹೊರಗೂ ಬಿಡಲ್ಲ. ರಕ್ತದಲ್ಲಿ ಉಪ್ಪು ತೆಳುವಾಗೋಗುತ್ತೆ, ಮಿದುಳು ಊದಿಕೊಳ್ಳುತ್ತೆ. ನೀನು ಈಗ್ಲಾದ್ರೂ ಹೇಳಿದ್ದು ಒಳ್ಳೇದಾಯ್ತು,” ಎಂದು ಒಳಗೆ ಹೋದರು.

ನಂದೀಶ್ ಗೋಡೆಗೊರಗಿ ಕೂತ. ಮಾಲೂರಿನಿಂದ ಬಸ್ಸು ಹಿಡಿದು ಅತ್ತಿಗೆ ಗಂಗಾಲಕ್ಷ್ಮಿ ಬಂದಾಗಲೂ ಅಲ್ಲೇ ಇದ್ದ. “ನಾನೇ ಅತ್ತಿಗೆ. ನನ್ ಕೈಯಾರೆ ನೀರು ಕುಡಿಸ್ದೆ,” ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅವನಿಂದ ಒಂದು ಮಾರು ದೂರ ಕೂತಳು. ಪೊಲೀಸಿನವರು ಬಂದು ಕೇಳಿದಾಗ ನಂದೀಶ್ ಹೆಸರುಗಳನ್ನು ಮುಚ್ಚಿಡಲಿಲ್ಲ.

ಮುನೇಶ್ ಬದುಕಿದ. ಉಪ್ಪಿನ ದ್ರವವನ್ನು ಹನಿಹನಿಯಾಗಿ ಮೈಗೆ ಇಳಿಸುತ್ತ, ಕೆಲವು ದಿನ ಅವನನ್ನು ಗಾಜಿನ ಬಾಗಿಲಿನಾಚೆ ಇಟ್ಟಿದ್ದರು. ಹೊರಗೆ ನಂದೀಶನಿಗೆ ಲೋಕದ ಬಣ್ಣವೆಲ್ಲ ತೊಳೆದುಹೋಗಿತ್ತು. ಚಹಾ ಬಿಸಿನೀರಾಗಿತ್ತು. ಜನ ದೂರದಲ್ಲಿ, ಮಂಜಿನೊಳಗೆ ಓಡಾಡುವಂತೆ ಕಾಣುತ್ತಿದ್ದರು. ಅಳು ಬಂದರೂ ಅದಕ್ಕೆ ಉಪ್ಪಿಲ್ಲವೆನಿಸುತ್ತಿತ್ತು. ತೋಟದಲ್ಲಿ ಅಣ್ಣ ಏನೋ ಅಂದ ಎಂದಷ್ಟೇ ಒಮ್ಮೆ ಅತ್ತಿಗೆಗೆ ಹೇಳಿದ. ಆ ಮಾತನ್ನು ಒಳಗೊಳಗೆ ಮತ್ತೆ ಮತ್ತೆ ಹೇಳಿಕೊಂಡ. ಅದು ಅಣ್ಣನ ಮಾತೋ, ಮಾತ್ರೆಯ ಮಾತೋ?

ಎಚ್ಚರವಾದ ಮುನೇಶನಿಗೆ ಬುದ್ಧನನ್ನು ಟೆಂಪೋದಿಂದ ಇಳಿಸಿದ್ದರ ಆಚೆಗೆ ಏನೂ ನೆನಪಿರಲಿಲ್ಲ. ಮನೆಗೆ ಬಂದ ಮೇಲೂ ಸಾಮಾನುಗಳ ಹೆಸರು ಮರೆಯುತ್ತಿದ್ದ. ಬಲಗೈ ನಡುಗುತ್ತಿತ್ತು. ಸುಧಾರಿಸಬಹುದು, ಕಾಲ ಬೇಕು ಎಂದಿದ್ದರು. ಶೆಡ್ಡಿಗೆ ಬಂದು ಕೂರುತ್ತಿದ್ದ. ಒರಟು ಕಲ್ಲು ಒಡೆಯುವುದಷ್ಟೇ ಆಗುತ್ತಿತ್ತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸುತ್ತಿಗೆ ಕೆಳಗಿಟ್ಟು ಕೇಳಿದ.

“ಆವತ್ತು ನಾನೇನೋ ಅಂದ್ನಂತೆ. ಗಂಗಾ ಹೇಳಿದ್ಲು.”

ನಂದೀಶ್ ತಲೆ ತಗ್ಗಿಸಿಕೊಂಡೇ ಹೇಳಿದ. ತೋಟದಲ್ಲಿ ಹೊಳೆಯಂತೆ ಹರಿದಿದ್ದ ಮಾತು ಈಗ ಒಂದೊಂದೇ ಕಲ್ಲಾಗಿ ಬಾಯಿಂದ ಬಿತ್ತು.

“ಅಷ್ಟೆಲ್ಲ ಅಂದ್ನಾ? ಅಳ್ತಿದ್ನಾ?”

“ಇಬ್ರೂ ಅಳ್ತಿದ್ವಿ.”

ಮುನೇಶ್ ಕಲ್ಲಿನ ಮೇಲಿನ ಪುಡಿ ಒರೆಸಿದ. “ನಂಗೊಂದೂ ಗ್ಯಾಪ್ಕ ಇಲ್ಲ ಕಣೋ. ಸುಳ್ಳು ಅಂತ ಅನ್ನಲ್ಲ. ಹಂಗೆ ಬಾಯಿ ತುಂಬ ಹೇಳೋಕೆ ಈಗ ನನ್ ಕೈಲಾಗಲ್ಲ.”

“ಬೇಡ ಬಿಡಣ್ಣ.”

ಬೀದಿಯಾಚೆ ಯಾರೋ ಕಲ್ಲಿಗೆ ನೀರು ಹುಯ್ಯುತ್ತಿದ್ದರು. ಮುನೇಶ್ ತನ್ನ ಮುಂದಿದ್ದ ಕಲ್ಲನ್ನು ಪಕ್ಕಕ್ಕೆ ಸರಿಸಿ, “ಇನ್ನೊಂದ್ಸಲ ಹೇಳು,” ಎಂದ.

ನಂದೀಶ್ ಮೊದಲಿನಿಂದ ಶುರುಮಾಡಿದ. ಅಪ್ಪ ಉಳಿ ಕೊಟ್ಟ ದಿನ ಅಣ್ಣ ಹಿತ್ತಲಿಗೆ ಹೋಗಿ ಅತ್ತದ್ದು ಎನ್ನುವಲ್ಲಿಗೆ ಬಂದಾಗ ಮುನೇಶ್ ತಡೆದ.

“ಹಿತ್ಲಲ್ಲಿ ಅಲ್ಲ ಕಣೋ. ಕೆರೆ ಕಡೆ ಹೋಗಿದ್ದೆ. ಹಿತ್ಲಲ್ಲಿ ಅಮ್ಮ ಪಾತ್ರೆ ತೊಳೀತಿದ್ಲು, ಅದ್ಕೆ. ಅದಕ್ಕೂ ಮುಂಚೆ ಇನ್ನೊಂದೈತೆ. ಅಪ್ಪ ನಿನ್ನ ಕರೆಯೋಕೆ ಮೊದ್ಲು ನನ್ನ ಕರೆದಿದ್ದ...”

ಪದಗಳನ್ನು ಹುಡುಕಿಕೊಂಡು, ಅಲ್ಲಲ್ಲಿ ನಿಂತು, ಅವನು ಹೇಳುತ್ತಲೇ ಹೋದ. ಗಂಗಾಲಕ್ಷ್ಮಿ ಊಟಕ್ಕೆ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.