ಕೂತು ಮಾಡುವ ಕೆಲಸ

ಸೊಸೆಗೆ ಮೂರು ತಿಂಗಳು ತುಂಬಿತ್ತು. ಹೋದ ವರ್ಷದ ಬಸಿರು ನಾಲ್ಕನೆಯ ತಿಂಗಳಲ್ಲೇ ಇಳಿದುಹೋಗಿತ್ತು. ಹಾಗಾಗಿ ಈ ಸಲ ಅತ್ತೆ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು. ನೀರಿನ ಕೊಡ ಮುಟ್ಟಗೊಡುತ್ತಿರಲಿಲ್ಲ, ಬಗ್ಗಿ ಗುಡಿಸಗೊಡುತ್ತಿರಲಿಲ್ಲ. "ನೀನು ಕೂತು ಮಾಡೋ ಕೆಲಸ ಮಾಡು, ಸಾಕು" ಎಂದು ಒಂದು ಅರವನ್ನು ಅವಳ ಕೈಗೆ ಕೊಟ್ಟಿದ್ದಳು.

ಅದು ಮೀನು ಹಿಡಿಯುವವರ ಮನೆ. ಬಲೆ ನೀರಿನಲ್ಲಿ ಮುಳುಗಬೇಕಾದರೆ ಅಂಚಿಗೆ ಸೀಸದ ಗುಂಡು ಕಟ್ಟಬೇಕು. ಹಳೆಯ ಬ್ಯಾಟರಿಯ ಸೀಸವನ್ನು ಅತ್ತೆ ಅಡುಗೆಮನೆಯ ಒಲೆಯ ಮೇಲೆ ಕರಗಿಸಿ ಅಚ್ಚಿಗೆ ಹೊಯ್ಯುವಳು. ಸೊಸೆ ಪಕ್ಕದಲ್ಲೇ ಕೂತು ಗುಂಡುಗಳ ಒರಟು ಅಂಚನ್ನು ಅರದಿಂದ ಉಜ್ಜುವಳು. ಬೂದು ಬಣ್ಣದ ಪುಡಿ ಅವಳ ಮಡಿಲಿಗೆ ಉದುರುತ್ತಿತ್ತು.

ಅಂದು ಬಸುರಿಯನ್ನು ನೋಡಲು ಬಂದ ನರ್ಸಮ್ಮ ಹೊಸ್ತಿಲಲ್ಲೇ ನಿಂತಳು.

"ಅಮ್ಮ, ಮೊದಲು ಆ ಅರ ಅವಳ ಕೈಯಿಂದ ತಗೊಳ್ಳಿ. ಆಮೇಲೆ ಮಾತಾಡೋಣ."

"ಯಾಕಮ್ಮ? ಇದಕ್ಕಿಂತ ಹಗುರದ ಕೆಲಸ ಇನ್ಯಾವುದಿದೆ?"

"ಕೆಲಸ ಹಗುರ, ಪುಡಿ ವಿಷ. ಸೀಸದ ಹೊಗೆ ಉಸಿರಲ್ಲಿ ಒಳಗೆ ಹೋಗುತ್ತೆ. ಪುಡಿ ಊಟ ಮಾಡೋ ಕೈಯಿಂದ ಹೋಗುತ್ತೆ. ತಾಯಿ ರಕ್ತದಿಂದ ಮಗುವಿಗೂ ಮುಟ್ಟುತ್ತೆ. ಬಸಿರು ಇಳಿಯೋ ಅಪಾಯ ಹೆಚ್ಚುತ್ತೆ."

ಅತ್ತೆ ನಕ್ಕಳು. "ಮದುವೆಯಾಗಿ ಬಂದಾಗಿನಿಂದ ಹೊಯ್ತಿದ್ದೀನಿ. ನಾಲ್ಕು ಹೆತ್ತೆ, ನಾಲ್ಕೂ ಗುಂಡುಕಲ್ಲಿನ ಹಾಗಿವೆ. ನಿನ್ನ ಪುಸ್ತಕ ಬರೆದೋರು ನನ್ನನ್ನ ನೋಡಿಲ್ಲ ಬಿಡು."

ನರ್ಸಮ್ಮನೂ ನಕ್ಕಳು. ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಸೊಸೆಗೆ ಕೇಳಿಸದಷ್ಟು ದನಿ ತಗ್ಗಿಸಿದಳು. "ಹೆತ್ತಿದ್ದು ನಾಲ್ಕು. ಬಸಿರಾಗಿದ್ದು ಎಷ್ಟು ಸಲ ಅಮ್ಮ?"

ಅತ್ತೆಯ ನಗು ನಿಂತಿತು. ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

"ಆರು" ಎಂದಳು ಕೊನೆಗೆ. "ಎರಡು ಉಳೀಲಿಲ್ಲ. ನೀರು ಹೊತ್ತಿದ್ದಕ್ಕೆ ಹೋಯ್ತು ಅಂದ್ರು ನಮ್ಮತ್ತೆ. ಅದಕ್ಕೇ ಇವಳಿಗೆ ಕೊಡ ಮುಟ್ಟಿಸಲಿಲ್ಲ."

"ಅವು ಸೀಸದಿಂದಲೇ ಹೋದವು ಅಂತ ನಾನು ಹೇಳಲಾರೆ. ಬೇರೆ ಕಾರಣಾನೂ ಇರಬಹುದು. ಆದರೆ ತಪ್ಪು ನಿಮ್ಮದೂ ಅಲ್ಲ, ಇವಳದೂ ಅಲ್ಲ. ಇವತ್ತು ಗೊತ್ತಾಯ್ತು, ಇವತ್ತೇ ಬಿಡೋಣ."

ಅತ್ತೆ ಎದ್ದು ಅರವನ್ನು ತೆಗೆದುಕೊಂಡಳು. ಸೊಸೆಗೆ ಸೋಪು ಹಚ್ಚಿ ಕೈ ತೊಳೆಸಿ, ಬೇರೆ ಸೀರೆ ಕೊಟ್ಟು, ಹೊರಗೆ ಕಳಿಸಿದಳು. ಬಾಣಲೆ, ಅಚ್ಚು, ಸೀಸ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಬಿಗಿದಳು. ಗುಡಿಸಿದರೆ ಪುಡಿ ಏಳುತ್ತದೆಂದು ನರ್ಸಮ್ಮ ಹೇಳಿದ್ದರಿಂದ, ಒದ್ದೆ ಬಟ್ಟೆಯಲ್ಲಿ ನೆಲವನ್ನು ಮೂರು ಸಲ ಒರೆಸಿದಳು.

ಸಂಜೆ ಮಗ ಬಂದ. "ಗುಂಡು ಎಲ್ಲಮ್ಮ?"

"ಈ ಮನೇಲಿ ಇನ್ನು ಸೀಸ ಕರಗಲ್ಲ. ಬಲೆಗೆ ಕಲ್ಲು ಕಟ್ಟು."

"ಕಲ್ಲು ಕಟ್ಟಿದ್ರೆ ಮೀನು ನಗ್ತಾವಮ್ಮ."

"ನಗಲಿ. ನನಗೆ ಮೊಮ್ಮಗು ನಗಬೇಕು."

ಮರುದಿನ ಆಸ್ಪತ್ರೆಯಲ್ಲಿ, ನರ್ಸಮ್ಮ ಹೇಳಿದ್ದ ಸೀಸದ ರಕ್ತ ಪರೀಕ್ಷೆಗೆ ಅತ್ತೆಯೇ ಮೊದಲು ತೋಳು ಚಾಚಿದಳು. ಸೊಸೆಗೆ ಸೂಜಿ ಎಂದರೆ ಭಯ, ಅದು ಅತ್ತೆಗೆ ಗೊತ್ತಿತ್ತು.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಮನೆಯೊಳಗೆ ಸೀಸ ಕರಗಿಸಬೇಡಿ. ಬ್ಯಾಟರಿ ಬಿಚ್ಚುವವರು, ಬೆಸುಗೆ ಹಾಕುವವರು, ಹಳೆಯ ಬಣ್ಣ ಕೆರೆಯುವವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ ಒಳಗೆ ಬನ್ನಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಬಸುರಿಯ ರಕ್ತದಲ್ಲಿ ಸೀಸ ಇದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಒಂದು ಬಸಿರು ಉಳಿಯದಿದ್ದರೆ ಅವಳನ್ನು ದೂರಬೇಡಿ. ಅವಳು ದಿನವೂ ಎಲ್ಲಿ ಕೂರುತ್ತಾಳೆ, ಅಲ್ಲಿ ಏನು ಉದುರುತ್ತದೆ, ಅದನ್ನು ನೋಡಿ.