ನುಣ್ಣಗೆ ಅರೆದರೆ ನ್ಯಾನೋ ಆಗದು

ಗಿರಣಿ ಅಕ್ಕನಿಗೆ ನುಣುಪು ಎಂದರೆ ಪ್ರಾಣ. ಬೀಸಿದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುವಳು. ತರಿ ಸಿಕ್ಕರೆ ಮತ್ತೆ ಕಲ್ಲಿಗೆ ಹಾಕುವಳು.

ಅವಳ ಗಂಡನಿಗೆ ಮಿದುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಈಗ ಕ್ಯಾಪ್ಸೂಲ್ ನಡೆಯುತ್ತಿದೆ. ಮಿದುಳಿಗೆ ಔಷಧಿ ಸುಲಭವಾಗಿ ಇಳಿಯದು, ಅತಿ ಸಣ್ಣ ನ್ಯಾನೋ ಕಣಗಳಲ್ಲಿ ಕಳಿಸುವ ಪ್ರಯತ್ನ ನಡೆದಿದೆ ಎಂದು ರೇಡಿಯೊದಲ್ಲಿ ಕೇಳಿದ್ದೇ ತಡ, ಅವಳಿಗೆ ದಾರಿ ಹೊಳೆಯಿತು. ಸಣ್ಣದು ಮಾಡುವುದೇ ತನ್ನ ಕಸುಬಲ್ಲವೇ?

ಬೆಳಿಗ್ಗೆ ಕುಟ್ಟಾಣಿ, ತೆಳು ಬಟ್ಟೆ ಮುಂದಿಟ್ಟುಕೊಂಡಳು. ಕ್ಯಾಪ್ಸೂಲಿಗೆ ಉಗುರು ಹಾಕುವಷ್ಟರಲ್ಲಿ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಾದಿನಿ ಒಳಗೆ ಬಂದಳು.

"ಅತ್ತಿಗೆ, ಕೈ ತೆಗೀರಿ! ಏನ್ಮಾಡ್ತಿದ್ದೀರಿ?"

"ನ್ಯಾನೋ ಮಾಡ್ತಿದ್ದೀನಿ. ನಿಮ್ಮಣ್ಣನ ತಲೆಗೆ ಔಷಧಿ ಇಳೀಬೇಡ್ವಾ?"

"ಬಿಟ್ರೆ ನನ್ನನ್ನೂ ಜರಡಿ ಹಿಡೀತಾಳೆ," ಎಂದ ಗಂಡ, ಮಂಚದಿಂದಲೇ.

ನಾದಿನಿ ನಗಲಿಲ್ಲ. "ಇದನ್ನ ಬಿಚ್ಚಬಾರದು, ಇಡಿಯಾಗೇ ನುಂಗಬೇಕು. ಪುಡಿ ಮೂಗಿಗೆ, ಚರ್ಮಕ್ಕೆ ತಾಗಿದ್ರೆ ನಿಮಗೇ ಅಪಾಯ."

"ಹಾಗಾದ್ರೆ ರೇಡಿಯೊದವರು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಮಿದುಳಿನ ರಕ್ತನಾಳದ ಗೋಡೆ ಬಲು ಬಿಗಿ. ಹೆಚ್ಚಿನ ಔಷಧಿಗಳನ್ನ ಒಳಗೆ ಬಿಡಲ್ಲ. ನ್ಯಾನೋ ಕಣ ಅಂದ್ರೆ ಬರೀ ಪುಡಿಯಲ್ಲ, ಔಷಧಿ ಹೊರೋ ಪುಟ್ಟ ಚೀಲ. ಗೋಡೆ ದಾಟೋಕೆ, ಗಡ್ಡೆಯ ಕೋಶಕ್ಕೆ ಅಂಟೋಕೆ ಅದರ ಮೈಮೇಲೆ ಕೀಲಿಕೈಯಂಥ ಗುರುತು ಕೂಡಿಸ್ತಾರೆ. ಗಾತ್ರ ಸುಮಾರು ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲು. ನಿಮ್ಮ ಕಲ್ಲಿಗೆ ದಕ್ಕೋದಲ್ಲ."

"ಹಾಗಿದ್ರೆ ಅದನ್ನೇ ಕೊಡಿಸು."

"ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ, ಅತ್ತಿಗೆ. ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲೂ ಗೆಲ್ಲುತ್ತೆ ಅಂತಿಲ್ಲ. ಕೆಲವು ಕಡೆ ರೋಗಿಗಳ ಒಪ್ಪಿಗೆ ಪಡೆದು ಪ್ರಯೋಗ ನಡೀತಿದೆ. ಅಣ್ಣನಿಗೆ ಹೊಂದುತ್ತಾ ಅಂತ ಡಾಕ್ಟರನ್ನ ಕೇಳೋಣ."

"ಅಲ್ಲೀವರೆಗೆ ಒಳಗೆ ಹೋಗದ ಔಷಧಿ ನುಂಗಿಸ್ತಾ ಕೂರಬೇಕಾ?"

"ಯಾರು ಹೇಳಿದ್ದು ಹೋಗಲ್ಲ ಅಂತ? ಆ ಗೋಡೆ ದಾಟೋ ಕೆಲವೇ ಔಷಧಿಗಳಲ್ಲಿ ಇದೂ ಒಂದು. ಅದನ್ನೇ ಹಾಳು ಮಾಡೋಕೆ ಹೊರಟಿದ್ರಿ."

ಅಕ್ಕ ಕುಟ್ಟಾಣಿಯನ್ನು ಅಟ್ಟಕ್ಕೇರಿಸಿ, ಕೈ ತೊಳೆದು, ಗಂಡನಿಗೆ ಒಂದು ಲೋಟ ನೀರಿನ ಜೊತೆ ಕ್ಯಾಪ್ಸೂಲನ್ನು ಇಡಿಯಾಗಿ ಕೊಟ್ಟಳು. ಆಮೇಲೆ ಹಿಟ್ಟಿನ ಚೀಲದ ಕಾಗದ ಹರಿದು ಬರೆದುಕೊಂಡಳು: ಪ್ರಯೋಗ ಎಲ್ಲಿದೆ? ಇವರನ್ನು ತಗೊಳ್ತಾರಾ? ಅಪಾಯ ಏನು? ನಡುವೆ ಬೇಡವೆನಿಸಿದರೆ ಬಿಡಬಹುದಾ?

"ಇಷ್ಟೊಂದಾ?" ಎಂದ ಗಂಡ.

"ಇಷ್ಟೂ ಕೇಳ್ತೀನಿ. ಉತ್ತರದಲ್ಲಿ ತರಿ ಸಿಕ್ರೆ ಮತ್ತೆ ಕೇಳ್ತೀನಿ. ನೀವು ಸುಮ್ನೆ ನುಂಗಿ."

ನಿಮ್ಮ ಮನೆಯಲ್ಲೂ ಇಂಥ ರೋಗಿಯಿದ್ದರೆ, ಹೊಸ ಔಷಧಿಯ ಸುದ್ದಿ ಕೇಳಿ ಕೈಯಲ್ಲಿರುವ ಔಷಧಿಯನ್ನು ಬಿಡಬೇಡಿ, ಬದಲಿಸಬೇಡಿ. ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡು ವೈದ್ಯರ ಮುಂದೆ ಕೂರಿ. ಉತ್ತರ ತಿಳಿಯುವ ತನಕ ಏಳಬೇಡಿ.