ಎಲ್ಲರೂ ಒಪ್ಪುವ ವಾಕ್ಯ

ದೇಶದೇಶಗಳ ಸಭೆ ನಡೆಸುವ ಆ ಕಚೇರಿಯಲ್ಲಿ ಅವಳಿಗೆ ಕರಡು ಮೇಡಂ ಎಂದೇ ಹೆಸರು. ಹತ್ತು ದೇಶದವರು ಹತ್ತು ದಿಕ್ಕಿಗೆ ಎಳೆದಾಡಿದ ಮಾತನ್ನು ತಂದು ಅವಳ ಮುಂದೆ ಸುರಿದರೆ, ಯಾರೂ ಬೇಡ ಎನ್ನಲಾಗದ ಒಂದು ವಾಕ್ಯ ಮಾಡಿ ಕೊಡುತ್ತಿದ್ದಳು. ‘ಖಂಡಿಸುತ್ತೇವೆ’ ಅಂದರೆ ಒಬ್ಬರಿಗೆ ಹೊಟ್ಟೆನೋವು, ‘ವಿಷಾದಿಸುತ್ತೇವೆ’ ಅಂದರೆ ಇನ್ನೊಬ್ಬರಿಗೆ ತಲೆನೋವು. ಇವಳು ‘ಕಳವಳದಿಂದ ಗಮನಿಸುತ್ತೇವೆ’ ಎಂದು ಬರೆದು ಎರಡನ್ನೂ ಇಳಿಸಿಬಿಡುವಳು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ ಕೈಚಳಕ ಬೇಕು ಸ್ವಾಮಿ! ಆ ಕೈಚಳಕದಿಂದಲೇ ಟೈಪಿಸ್ಟ್ ಕುರ್ಚಿಯಿಂದ ಅಧ್ಯಕ್ಷರ ಪಕ್ಕದ ಕುರ್ಚಿಯವರೆಗೆ ಬಂದಿದ್ದಳು.

ಈ ಸಲದ ಸಭೆ ಭಯೋತ್ಪಾದನೆಯ ಬೇರುಗಳ ಬಗ್ಗೆ. ಬೇರು ಹುಡುಕಲು ಅಷ್ಟೊಂದು ದೇಶದವರು ವಿಮಾನ ಹತ್ತಿ ಬಂದಿದ್ದರು. ಎರಡನೇ ದಿನವಾದರೂ ಒಂದೇ ವಾಕ್ಯದಲ್ಲಿ ಗಾಡಿ ಹೂತುಕೊಂಡಿತ್ತು. ಬಡತನ ಎಂದು ಬರೆಯಿರಿ ಎನ್ನುವವರು ಕೆಲವರು, ಹೊರಗಿನವರ ಕುಮ್ಮಕ್ಕು ಎನ್ನುವವರು ಕೆಲವರು. ಸಣ್ಣ ದೇಶವೊಂದರಿಂದ ಬಂದ ಮುದುಕರೊಬ್ಬರು ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ.

“ನಮ್ಮ ಹುಡುಗರು ಹೊಟ್ಟೆಗಿಲ್ಲದೆ ಆ ದಾರಿ ಹಿಡೀಲಿಲ್ಲಮ್ಮ. ದಿನಾ ಬೀದೀಲಿ ನಿಲ್ಲಿಸಿ ಮಾನ ಕಳೆದ್ರು, ಆಮೇಲೆ ಹೋದ್ರು. ಅವಮಾನ ಅಂತ ಬರೀರಿ.”

ಆ ಪದ ಯಾರಿಗೂ ಬೇಕಿರಲಿಲ್ಲ. ಅವಮಾನ ಎಂದಮೇಲೆ ಮಾಡಿದವರು ಯಾರು ಎಂಬ ಪ್ರಶ್ನೆ ಬರುತ್ತದಲ್ಲ!

ಅವಳಿಗೋ ಅಂದು ಕನ್ನಡಕವೇ ಇಲ್ಲ. ಹಿಂದಿನ ಸಂಜೆ ತಂಗಿಯ ಮನೆಯಲ್ಲಿ ಮರೆತು ಬಂದಿದ್ದಳು. ತಂಗಿಯ ಮಗನಿಗೆ ಫೋನ್ ಮಾಡಿದಳು. ಆರಡಿ ಎತ್ತರದ ಆಳು, ಲಿಫ್ಟ್ ಮೆಕ್ಯಾನಿಕ್. ಮನೆಯಲ್ಲಿ ಮಾತ್ರ ಇನ್ನೂ ಚೋಟು.

“ಚೋಟು, ಕನ್ನಡಕ ಇಲ್ದೆ ಕುರುಡಿ ಆಗಿದೀನಿ ಕಣೋ. ಗೇಟ್ ಹತ್ರ ತಂದುಕೊಡ್ತೀಯಾ?”

“ನಿನ್ನ ಗೇಟಿಗೆ ನನ್ನಂಥವನನ್ನ ಬಿಟ್ಕೋತಾರಾ ದೊಡ್ಡಮ್ಮ?” ಎಂದು ನಕ್ಕ.

“ನಾನಿಲ್ವೇನೋ? ಬಾರೋ.”

ಗೇಟಿನ ನಿಯಮ ಸರಳವಾಗಿತ್ತು. ಪಾಸ್ ಇಲ್ಲದವರು ಬಂದರೆ ಒಳಗಿನವರು ಯಾರಾದರೂ ಹೋಗಿ ‘ಇವರು ನಮ್ಮವರು’ ಎಂದು ಹೇಳಿ, ಕೊರಳಿನ ಪಾಸನ್ನು ತೆಗೆದು ಕಾವಲಿನವರ ಕೈಗೆ ಕೊಟ್ಟು, ತಪಾಸಣೆ ಮುಗಿಯುವವರೆಗೆ ಪಕ್ಕದಲ್ಲಿ ನಿಂತರೆ ಆಯಿತು. ಇಷ್ಟೇ. ಆದರೆ ಯಾವ ಓಣಿಯವನು ಎಂದು ಎಲ್ಲರೆದುರಿಗೇ ಗಟ್ಟಿಯಾಗಿ ಕೇಳುತ್ತಾರೆ. ಹೋದ ವರ್ಷ ಮಾರುಕಟ್ಟೆಯಲ್ಲಿ ಬಾಂಬ್ ಇಟ್ಟವನು ಗೋದಾಮಿನ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದ. ಅಂದಿನಿಂದ ಆ ವಿಳಾಸ ಹೇಳಿದವರಿಗೆ ಕೆಲಸವಿಲ್ಲ, ಹೆಣ್ಣು ಕೊಡುವವರಿಲ್ಲ. ತಂಗಿಯ ಮನೆ ಅಲ್ಲೇ. ಅವಳು ಹುಟ್ಟಿ ಬೆಳೆದದ್ದೂ ಅಲ್ಲೇ. ಕಚೇರಿಯಲ್ಲಿ ಕೇಳಿದರೆ “ಸ್ಟೇಷನ್ ಕಡೆ” ಎಂದು ತೇಲಿಸಿಬಿಡುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಹೊರಟ ಅಧ್ಯಕ್ಷರು ಮತ್ತು ಇಬ್ಬರು ವಿದೇಶಿ ಅತಿಥಿಗಳ ಜೊತೆ ಮಾತಾಡುತ್ತಾ ಅವಳು ಅಂಗಳ ದಾಟುತ್ತಿದ್ದಳು. ಗೇಟಿನ ಬಳಿ ಚೋಟು ಗೋಡೆಗೆ ಮುಖಮಾಡಿ, ಎರಡೂ ಕೈ ಮೇಲೆತ್ತಿ ನಿಂತಿದ್ದ. ಅಂಗಿ ಬಿಚ್ಚಿಸಿದ್ದರು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದನಲ್ಲ, ಅವನ ಚೀಲದ ವೈರು, ಟೆಸ್ಟರು, ಗ್ರೀಸಿನ ಡಬ್ಬಿಯೆಲ್ಲ ನೆಲದ ಮೇಲೆ ಹರಡಿದ್ದವು.

“ಮೇಡಂ, ಇವನು ನಿಮ್ಮ ಹೆಸರು ಹೇಳ್ತಾ ಇದಾನೆ” ಎಂದ ಕಾವಲಿನವನು. “ಗೋದಾಮಿನ ಹಿಂದಿನ ಓಣಿಯವನಂತೆ. ನಿಮಗೆ ಗೊತ್ತಾ?”

ಅಧ್ಯಕ್ಷರು ನಿಂತರು. ಅತಿಥಿಗಳೂ ನಿಂತರು. ಚೋಟು ಕತ್ತು ತಿರುಗಿಸಿ ಅವಳನ್ನು ನೋಡಿದ. ಸದ್ಯ ಬಂದಳಲ್ಲ ಎಂಬ ನಗು ಅವನ ಮುಖದಲ್ಲಿತ್ತು.

ಗೊತ್ತು ಎಂದರೆ ಓಣಿ ಹೊರಬೀಳುತ್ತದೆ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳದು. ಆಗ ಅವಳ ಬಾಯಿ, ಅಯ್ಯೋ ಆ ಹಾಳು ಬಾಯಿ, ಇಷ್ಟು ವರ್ಷ ಮಾಡಿದ ಕೆಲಸವನ್ನೇ ಮಾಡಿತು.

“ಕನ್ನಡಕ ತರೋಕೆ ಒಬ್ಬರಿಗೆ ಹೇಳಿದ್ದೆ. ಆ ಕಡೆಯವರು ಕೆಲವರ ಪರಿಚಯ ಇದೆ. ನಿಮ್ಮ ನಿಯಮ ಹೇಗಿದೆಯೋ ಹಾಗೆ ಮಾಡಿ.”

ಎಂಥ ವಾಕ್ಯ! ಒಂದು ಅಕ್ಷರ ಸುಳ್ಳಿಲ್ಲ. ಕಾವಲಿನವನು ಸರಿ ಎಂದ, ಅಧ್ಯಕ್ಷರು ತಲೆಯಾಡಿಸಿದರು. ಚೋಟುವಿನ ನಗು ಮಾತ್ರ ಇಳಿಯಿತು. ಅವನು ಮತ್ತೆ ಗೋಡೆಯ ಕಡೆ ತಿರುಗಿಕೊಂಡು, “ಹೌದು ಸಾರ್. ಇವರಿಗೆ ನನ್ನ ಪರಿಚಯ ಅಷ್ಟಾಗಿ ಇಲ್ಲ” ಎಂದ. ಅವನನ್ನು ಪೊಲೀಸ್ ವ್ಯಾನಿಗೆ ಹತ್ತಿಸಿದರು. ಕನ್ನಡಕವನ್ನು ಯಂತ್ರದಲ್ಲಿ ಹಾಯಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟರು.

ಆ ಕನ್ನಡಕ ಹಾಕಿಕೊಂಡೇ ಅವಳು ಮಧ್ಯಾಹ್ನ ಆ ವಾಕ್ಯ ಬರೆದಳು. ಅವಮಾನ ಹೋಯಿತು, ‘ಯುವಜನರಲ್ಲಿ ಉಂಟಾಗಬಹುದಾದ ಅಗೌರವದ ಭಾವನೆ’ ಬಂತು. ಚಪ್ಪಾಳೆಯೋ ಚಪ್ಪಾಳೆ. ಆ ಮುದುಕರು ಕೂಡ ಸೋತ ನಗೆ ನಕ್ಕು ಅವಳ ಕೈ ಕುಲುಕಿ, “ನಿಮಗಾದ್ರೂ ಅರ್ಥ ಆಯ್ತಲ್ಲ” ಎಂದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಠಾಣೆಗೆ ಒಂದು ಫೋನ್ ಮಾಡಬಹುದಿತ್ತು. ಸಭೆ ಮುಗಿಯಲಿ ಎಂದುಕೊಂಡಳು. ಮುಗಿದ ಮೇಲೆ ಅತಿಥಿಗಳು ಹೊರಡಲಿ ಎಂದುಕೊಂಡಳು.

ಸಂಜೆ ಠಾಣೆಗೆ ಓಡಿದಾಗ ಅಲ್ಲಿದ್ದ ಪೇದೆ ಆಕಳಿಸಿದ. “ಫಾರಿನ್ನವರ ಕಾರು ಹೋದ ಮೇಲೆ ಎಲ್ಲರನ್ನೂ ಬಿಟ್ಟಾಯ್ತು ಮೇಡಂ. ಅಷ್ಟಕ್ಕೇ ನೀವು ಬರಬೇಕಿತ್ತಾ?”

ತಂಗಿಯ ಮನೆ ಬಾಗಿಲು ತೆರೆದಿತ್ತು. ಒಳಗೆ ಹೋದ ಕೂಡಲೇ ಎಲ್ಲ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು, ಹೊಡೆದರೂ ಸರಿಯೇ ಎಂದು ಗಟ್ಟಿಮಾಡಿಕೊಂಡು ಹೊಸ್ತಿಲು ದಾಟಿದಳು. ತಂಗಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

“ಅಕ್ಕಾ, ನೀನಿಲ್ದಿದ್ರೆ ಇವನ ಗತಿ ಏನಾಗ್ತಿತ್ತೇ! ಈ ಓಣಿ ಹುಡುಗರನ್ನ ಹಿಡಿದ್ರೆ ವಾರಗಟ್ಟಲೆ ಬಿಡಲ್ಲ. ನೀನು ಹೇಳಿದ್ದಕ್ಕೆ ಸಂಜೆಯೊಳಗೆ ಮನೆಗೆ ಕಳಿಸಿದ್ರಂತೆ.”

“ಯಾರು ಹೇಳಿದ್ರು?”

“ಇವನೇ. ಅಲ್ವೇನೋ?”

ಚೋಟು ಮೂಲೆಯಲ್ಲಿ ಕೂತು, ಗೇಟಿನಲ್ಲಿ ಕಾವಲಿನವರ ಬೂಟುಗಾಲಿನ ಕೆಳಗೆ ಸಿಕ್ಕಿ ನುಲಿದ ವೈರುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. “ಹೌದಮ್ಮ. ದೊಡ್ಡಮ್ಮನೇ ಬಿಡಿಸಿದ್ದು.”

ತಂಗಿ ಕಣ್ಣೊರೆಸಿಕೊಂಡು, ಊಟ ಮಾಡದೆ ಹೋಗಕೂಡದು ಎಂದು ಆಣೆಯಿಟ್ಟು ಅಡುಗೆಮನೆಗೆ ಹೋದಳು. ಈಗಲಾದರೂ ಹೇಳಬಹುದಿತ್ತು. ಇಬ್ಬರೇ ಇದ್ದರು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು, ಥೂ ಎಂದು ಉಗಿದಿದ್ದರೂ ಚೆನ್ನಾಗಿತ್ತು. ಅವನು ವೈರು ಸುತ್ತುತ್ತಲೇ ಇದ್ದ. ಅವನ ಕೈಯನ್ನೇ ನೋಡುತ್ತಾ ಕೂತಳು. ಇಷ್ಟು ಸಮಾಧಾನ ಎಲ್ಲಿಂದ ಬಂತು ಇವನಿಗೆ? ವ್ಯಾನಿನಲ್ಲಿ ಜೊತೆಗೆ ಯಾರಿದ್ದರೋ, ಕಿವಿಯಲ್ಲಿ ಏನು ಊದಿದರೋ? ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾನೋ? ತಾನು ಎತ್ತಿ ಆಡಿಸಿದ ಮಗುವನ್ನು ತಾನು ಹಾಗೆ ಅಳೆಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಅವನಿಗೆ ಹೊಳೆಯಿತು. ವೈರು ಸುತ್ತುತ್ತಿದ್ದ ಕೈ ನಿಂತಿತು. ಚೀಲದ ಬಾಯಿ ಅಗಲ ಮಾಡಿ ಅವಳ ಮುಂದಕ್ಕೆ ತಳ್ಳಿದ.

“ನೋಡಿ ದೊಡ್ಡಮ್ಮ” ಎಂದ. “ಲಿಫ್ಟಿನ ಸಾಮಾನು. ಬೇರೇನೂ ಇಲ್ಲ.”

ನೋಡಬಾರದಿತ್ತು. ಅವಳು ನೋಡಿದಳು.